ಏಳು ವರ್ಷಕ್ಕೆ ಕಾನೂನು ಕೈಬಿಡುತ್ತೆ, ಎಂಟನೇ ವರ್ಷಕ್ಕೆ ವ್ಯಾನು ನಮ್ಮೂರಿಗೆ ಬರುತ್ತೆ

ಹೊಳಲಿನ ಯಾವ ಬೀದಿಗೆ ಬೇಕಾದರೂ ಹೋಗಿ, ಒಂದು ವ್ಯಾನು ನಿಂತಿರುತ್ತೆ. ಓಮ್ನಿ, ಇಲ್ಲ ಅಂದ್ರೆ ಈಕೋ. ಮುಂದಿನ ಗಾಜಿನ ಮೇಲೆ ಮನೆದೇವರ ಹೆಸರು, ಹಿಂದಿನ ಗಾಜಿನ ಮೇಲೆ ಮಕ್ಕಳ ಹೆಸರು. ಗಾಡಿಗೆ ಏನೇನು ಕಾಯಿಲೆ ಇದೆ ಅಂತ ಮಾಲೀಕರನ್ನ ಕೇಳಿ ನೋಡಿ. ಬ್ರೇಕ್ ಹಿಡಿದ್ರೆ ಎಡಕ್ಕೆ ಎಳೆಯುತ್ತೆ. ಎಂಬತ್ತು ದಾಟಿದ್ರೆ ಸ್ಟೇರಿಂಗ್ ನಡುಗುತ್ತೆ. ಜಾರುಬಾಗಿಲು ಒಳಗಿಂದ ತೆಗೆಯೋಕೆ ಬರಲ್ಲ, ಯಾರಾದರೂ ಇಳಿದು ಬಂದು ಹೊರಗಿಂದ ಎಳೀಬೇಕು. ಬಿಸಿಲಲ್ಲಿ ದೂರ ಹೋದ್ರೆ ಕೂತಿರೋ ಸೀಟೇ ಬಾಣಲೆ ಥರ ಕಾಯುತ್ತೆ. ಎಲ್ಲಾ ಹೇಳ್ತಾರೆ, ನಗ್ತಾ ನಗ್ತಾನೇ ಹೇಳ್ತಾರೆ.

ಆಮೇಲೆ ಇನ್ನೊಂದು ಪ್ರಶ್ನೆ ಕೇಳಿ. "ಇದನ್ನ ಎಲ್ಲಾದ್ರೂ ಬರೆದು ಕೊಟ್ಟಿದೀರಾ ಅಣ್ಣ?" ಆಗ ನಿಮ್ಮ ಮುಖ ನೋಡ್ತಾರೆ. "ಯಾರ್ಗ್ ಬರ್ದ್ ಕೊಡಾದು? ಮೆಕ್ಯಾನಿಕ್‌ಗೆ ಯೋಳಿದ್ದೀನಲ್ಲ."

ಈ ಲೇಖನ ಆ ಉತ್ತರದ ಬಗ್ಗೆ.

ದೋಷ ಇರೋ ಗಾಡಿಯನ್ನ ಕಂಪನಿ ವಾಪಸ್ ಕರೆಸಿ ಪುಕ್ಕಟೆ ಸರಿ ಮಾಡಿಕೊಡಬೇಕು ಅಂತ ಈ ದೇಶದಲ್ಲಿ ಕಾನೂನು ಇದೆ. ಇದಕ್ಕೆ ರೀಕಾಲ್ ಅಂತಾರೆ. ಆದರೆ ಆ ಕಾನೂನನ್ನ ಬರೆದಿರೋದು ಶೋರೂಮಿನಿಂದ ಹೊಸ ಗಾಡಿ ತರೋರನ್ನ ಕಣ್ಣ ಮುಂದೆ ಇಟ್ಕೊಂಡು. ಎರಡನೇ ಕೈ, ಮೂರನೇ ಕೈ ಗಾಡಿಯಲ್ಲಿ ಸಂಸಾರ ಸಾಗಿಸೋ ಹಳ್ಳಿಯವರು ಅದರ ಲೆಕ್ಕದಲ್ಲೇ ಇಲ್ಲ. ಇದು ಮರೆವಿನಿಂದ ಆಗಿದೆಯೋ ಬೇಕಂತಲೇ ಮಾಡಿದ್ದೋ ಅನ್ನೋ ಜಗಳ ಬೇಡ. ಆಗಿರೋದು ಏನು ಅಂತ ನೋಡೋಣ.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂತು. ನಮಗೆಲ್ಲ ನೆನಪಿರೋದು ಹೆಲ್ಮೆಟ್ ದಂಡ ಜಾಸ್ತಿ ಆಗಿದ್ದು ಮಾತ್ರ. ಅದೇ ತಿದ್ದುಪಡಿಯಲ್ಲಿ 110ಎ ಅನ್ನೋ ಹೊಸ ಕಲಂ ಸೇರಿತು. ಗಾಡಿಯ ದೋಷದಿಂದ ಓಡಿಸೋನಿಗೆ, ಒಳಗೆ ಕೂತವರಿಗೆ, ರಸ್ತೆಯಲ್ಲಿ ಓಡಾಡೋರಿಗೆ ಅಪಾಯ ಆಗೋ ಹಾಗಿದ್ರೆ ಆ ಮಾದರಿಯನ್ನೇ ವಾಪಸ್ ಕರೆಸಿ ಅಂತ ಕಂಪನಿಗೆ ಆದೇಶ ಮಾಡೋ ಅಧಿಕಾರ ಕೇಂದ್ರ ಸರ್ಕಾರಕ್ಕೆ ಬಂತು. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಾದವು. ಮಾತು ಕೇಳದ ಕಂಪನಿಗೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. ಓದೋಕೆ ಚೆನ್ನಾಗಿದೆ.

ಈಗ ನಿಯಮದ ಒಳಗೆ ಹೋಗಿ. ಮೊದಲನೇದು, ಏಳು ವರ್ಷ ದಾಟದ ಗಾಡಿಗೆ ಮಾತ್ರ ಇದು ಅನ್ವಯ.

ಹಳ್ಳಿಗೆ ವ್ಯಾನು ಯಾವಾಗ ಬರುತ್ತೆ ಹೇಳಿ? ಬೆಂಗಳೂರಲ್ಲೋ ಮೈಸೂರಲ್ಲೋ ಒಬ್ಬರು ಹೊಸದು ತಗೊಂಡು ಐದಾರು ವರ್ಷ ಓಡಿಸ್ತಾರೆ. ಆಮೇಲೆ ಅದು ಮಂಡ್ಯದ ಕನ್ಸಲ್ಟೆಂಟ್ ಹತ್ರ ಬರುತ್ತೆ. ಅಲ್ಲಿಂದ ಕಬ್ಬಿನ ದುಡ್ಡು ಕೈಗೆ ಬಂದ ವರ್ಷ ನಮ್ಮ ಯಾರದ್ದೋ ಮನೆ ಬಾಗಿಲಿಗೆ. ಅಷ್ಟು ಹೊತ್ತಿಗೆ ಏಳು ವರ್ಷ ಮುಗಿದಿರುತ್ತೆ, ಇಲ್ಲ ಮುಗಿಯೋ ಹಂತದಲ್ಲಿರುತ್ತೆ. ಕಾನೂನು ಕೈಬಿಡೋ ಹೊತ್ತಿಗೆ ಸರಿಯಾಗಿ ಗಾಡಿ ನಮ್ಮ ಕೈಗೆ ಬರುತ್ತೆ.

ಓಮ್ನಿಯ ಲೆಕ್ಕ ಹಾಕಿ ನೋಡಿ. ಮಾರುತಿ ವ್ಯಾನ್ ಅನ್ನೋ ಹೆಸರಲ್ಲಿ ಅದು ರಸ್ತೆಗೆ ಬಂದಿದ್ದು 1984ರಲ್ಲಿ. ತಯಾರಿಕೆ ನಿಂತಿದ್ದು 2019ರಲ್ಲಿ. 35 ವರ್ಷ. ರೀಕಾಲ್ ನಿಯಮ ಜಾರಿಯಾದ ದಿನವೇ 2014ಕ್ಕಿಂತ ಹಿಂದಿನ ಓಮ್ನಿಗಳೆಲ್ಲ ಅದರ ಹೊರಗೆ ಬಿದ್ದವು. ಅಂದ್ರೆ 30 ವರ್ಷದ ಉತ್ಪಾದನೆ ಒಂದೇ ಏಟಿಗೆ ಲೆಕ್ಕದಿಂದ ಆಚೆ. (ಸಿನಿಮಾದವರು ಕಿಡ್ನಾಪ್ ಸೀನಿಗೆ ಓಮ್ನಿ ಬಿಟ್ಟು ಬೇರೆ ಗಾಡಿ ಮುಟ್ಟಿದ್ದಿಲ್ಲ. ಅವರಿಗಾದ್ರೂ ಅದರ ನೆನಪಿತ್ತು.)

ಸರ್ಕಾರದ ಇನ್ನೊಂದು ಕೈ ಏನು ಮಾಡುತ್ತೆ ನೋಡಿ. ಸ್ವಂತದ ಗಾಡಿಗೆ ರಿಜಿಸ್ಟ್ರೇಷನ್ ಕೊಡೋದು 15 ವರ್ಷಕ್ಕೆ. ಕರ್ನಾಟಕದಲ್ಲಿ ತೆರಿಗೆ ಕಟ್ಟಿಸಿಕೊಳ್ಳೋದು ಜೀವಾವಧಿಗೆ. 15 ಆದ್ಮೇಲೆ ಎಫ್‌ಸಿ ಮಾಡಿಸಿ ಇನ್ನೂ ಐದು ವರ್ಷ ಓಡಿಸಿ ಅಂತಾರೆ. ದುಡ್ಡು ತಗೊಳ್ಳುವಾಗ ಗಾಡಿಗೆ 15, 20 ವರ್ಷ ಆಯಸ್ಸು. ಕಂಪನಿಯ ಜವಾಬ್ದಾರಿ ಬಂದಾಗ ಏಳೇ ವರ್ಷ. ಅಮೆರಿಕದಲ್ಲಿ ಕಂಪನಿ ಪುಕ್ಕಟೆ ರಿಪೇರಿ ಮಾಡಿಕೊಡಬೇಕಾದ ಅವಧಿ 10 ವರ್ಷ ಇತ್ತು, 2015ರಲ್ಲಿ ಅದನ್ನ 15ಕ್ಕೆ ಏರಿಸಿದರು. ಅಲ್ಲಿನ ಕಂಪನಿಗಳೇನೂ ಮುಳುಗಿಹೋಗಿಲ್ಲ.

ನಿಯಮದ ಎರಡನೇ ಕೀಲು ದೂರಿನ ಸಂಖ್ಯೆ. ವರ್ಷಕ್ಕೆ 10,000ಕ್ಕಿಂತ ಹೆಚ್ಚು ಮಾರಾಟ ಆಗೋ ಕಾರು, ವ್ಯಾನು ಆದ್ರೆ 1,250 ದೂರು ಬರಬೇಕು. ಪರೀಕ್ಷಾ ಸಂಸ್ಥೆಯ ವರದಿ ಆಧಾರದ ಮೇಲೂ ಸರ್ಕಾರ ಮುಂದುವರಿಯಬಹುದು ಅಂತ ಕಾಯ್ದೆಯಲ್ಲಿದೆ, ಅದನ್ನ ಮುಚ್ಚಿಡೋದಿಲ್ಲ. ಆದರೆ ಮಾಲೀಕರ ಮಾತಿಗೆ ಬೆಲೆ ಬರೋದು ಆ 1,250 ತಲುಪಿದಾಗ. ದೂರು ಕೊಡಬೇಕಾಗಿರೋದು ಕೇಂದ್ರ ಸಾರಿಗೆ ಸಚಿವಾಲಯದ ವಾಹನ್ ಜಾಲತಾಣದಲ್ಲಿ. ಮಂಡ್ಯ ಜಿಲ್ಲೆಯಲ್ಲಿ ಸ್ಟೇರಿಂಗ್ ನಡುಗೋ ವ್ಯಾನುಗಳ ಮಾಲೀಕರೆಲ್ಲ ಹೇಳಿಕೊಂಡಿದ್ದಾರೆ: ಮೆಕ್ಯಾನಿಕ್ಕಿಗೆ, ಟೀ ಅಂಗಡಿಯಲ್ಲಿ, ಬೀಗರ ಊಟದ ಪಂಕ್ತಿಯಲ್ಲಿ. ಸರ್ಕಾರದ ಲೆಕ್ಕದಲ್ಲಿ ಆ ದೂರುಗಳ ಸಂಖ್ಯೆ ಸೊನ್ನೆ. ಮೆಕ್ಯಾನಿಕ್ ಒಂದು ಬುಷ್ ಬದಲಾಯಿಸಿ, ಒಂದು ವಾಷರ್ ಹಾಕಿ, "ಓಡ್ಸು ಬುಡಣ್ಣ, ಏನಾಗಲ್ಲ" ಅಂತಾನೆ. ಅಲ್ಲಿಗೆ ದೂರು ಮುಗೀತು.

ಒಂದು ನಿಜವಾದ ಪ್ರಕರಣ ತಗೊಳ್ಳೋಣ. 2023ರ ಜುಲೈನಲ್ಲಿ ಮಾರುತಿ ಸುಜುಕಿ ಕಂಪನಿ ಈಕೋ ಮತ್ತು ಎಸ್-ಪ್ರೆಸ್ಸೋ ಸೇರಿ 87,599 ಗಾಡಿಗಳನ್ನ ವಾಪಸ್ ಕರೆಸಿತು. 2021ರ ಜುಲೈ 5ರಿಂದ 2023ರ ಫೆಬ್ರವರಿ 15ರ ನಡುವೆ ತಯಾರಾದವು. ಕಾರಣ ಸ್ಟೇರಿಂಗ್ ಟೈ ರಾಡ್. ಅದರ ಒಂದು ಭಾಗದಲ್ಲಿ ದೋಷ ಇರಬಹುದು, ಅಪರೂಪಕ್ಕೆ ಮುರಿದು ಗಾಡಿ ಹಿಡಿತಕ್ಕೆ ಸಿಗದೆ ಹೋಗಬಹುದು ಅಂತ ಕಂಪನಿಯೇ ಹೇಳಿತು. ಟೈ ರಾಡ್ ಅಂದ್ರೆ ನೀವು ಸ್ಟೇರಿಂಗ್ ತಿರುಗಿಸಿದ್ದನ್ನ ಮುಂದಿನ ಚಕ್ರಕ್ಕೆ ಮುಟ್ಟಿಸೋ ಸರಳು. ಓಡೋ ಎತ್ತಿನ ಮೂಗುದಾರ ಕಿತ್ತುಹೋದ ಹಾಗೆ ಅದು ಮುರಿದ್ರೆ. ಮಾದಪ್ಪನ ಬೆಟ್ಟದ ತಿರುವಿನಲ್ಲಿ ಒಂಬತ್ತು ಜನ ತುಂಬಿರೋ ವ್ಯಾನಿನಲ್ಲಿ ಮುರಿದ್ರೆ ಏನಾಗುತ್ತೆ ಅಂತ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಕಂಪನಿ ತಾನಾಗೇ ಕರೆಸಿತು, ಪುಕ್ಕಟೆ ಪರೀಕ್ಷೆ ಮಾಡಿ ಬೇಕಾದ್ರೆ ಬದಲಾಯಿಸಿ ಕೊಡ್ತೀವಿ ಅಂತು. ಅದನ್ನ ತಪ್ಪು ಅನ್ನಲ್ಲ, ಮಾಡಬೇಕಾಗಿದ್ದನ್ನೇ ಮಾಡಿದ್ದಾರೆ. ನಮ್ಮ ಪ್ರಶ್ನೆ ಬೇರೆ. ಆ ಸುದ್ದಿ ಯಾರಿಗೆ ಹೋಯ್ತು? ಕಂಪನಿಯ ಹತ್ತಿರ ಇರೋದು ಗಾಡಿ ಹೊಸದಾಗಿ ಕೊಂಡವರ ಮೊಬೈಲ್ ನಂಬರು. ಗಾಡಿ ಕೈ ಬದಲಾಗಿ ಹೊಳಲಿಗೋ ಮದ್ದೂರಿಗೋ ಮಳವಳ್ಳಿಗೋ ಬಂದಿದ್ರೆ ಮೆಸೇಜು ಹೋಗಿರೋದು ಬೆಂಗಳೂರಿನ ಹಳೇ ಮಾಲೀಕರ ಫೋನಿಗೆ. ಅವರು ಅದನ್ನ ಅಳಿಸಿ ಹಾಕಿರ್ತಾರೆ. ಗಾಡಿ ಮಾರಿದ್ದಾಯ್ತಲ್ಲ, ಅವರಿಗೇನು?

ಇದು ಒಂದೇ ಸಲದ್ದಲ್ಲ. 2020ರ ನವೆಂಬರಿನಲ್ಲಿ 40,453 ಈಕೋ ಗಾಡಿಗಳನ್ನ ಹೆಡ್‌ಲೈಟ್ ಮೇಲೆ ಇರಬೇಕಾದ ಗುರುತು ಇಲ್ಲ ಅಂತ ಕರೆಸಿದ್ರು. 2022ರ ಏಪ್ರಿಲ್‌ನಲ್ಲಿ 19,731 ಈಕೋ, ಚಕ್ರದ ರಿಮ್ ಮೇಲೆ ಅಳತೆ ತಪ್ಪಾಗಿ ನಮೂದಾಗಿದೆ ಅಂತ. ಅವೆರಡೂ ಸಣ್ಣ ವಿಷಯ. ಟೈ ರಾಡ್ ಸಣ್ಣ ವಿಷಯವಲ್ಲ. ಆದರೆ ಮೂರಕ್ಕೂ ಸುದ್ದಿ ಹೋಗೋ ದಾರಿ ಒಂದೇ, ಆ ದಾರಿ ನಮ್ಮೂರ ತನಕ ಬರಲ್ಲ.

ನಮ್ಮ ಕಡೆಯ ಮೌನಕ್ಕೂ ಕಾರಣ ಇದೆ, ಅದನ್ನೂ ಹೇಳಬೇಕು. ವ್ಯಾನು ನಮಗೆ ಬರೀ ಗಾಡಿಯಲ್ಲ, ಆಪತ್ತಿಗೆ ಇಟ್ಟ ಹಸುವಿನ ಥರ. ಮಗಳ ಮದುವೆಗೋ ಬೋರ್‌ವೆಲ್ಲಿಗೋ ದುಡ್ಡು ಬೇಕಾದಾಗ ಮಾರಬೇಕು. ಸ್ಟೇರಿಂಗ್ ಸರಿಯಿಲ್ಲ ಅಂತ ಊರೆಲ್ಲ ಗೊತ್ತಾದ್ರೆ ಎರಡು ಲಕ್ಷದ ಗಾಡಿ ಒಂದೂಕಾಲಿಗೆ ಕೇಳ್ತಾರೆ. ಹಾಗಾಗಿ ಬಾಯಿ ಮುಚ್ಕೊಂಡು, ಒಂದು ಸಾರಿ ಪಾಲಿಶ್ ಹೊಡೆಸಿ, ಮುಂದಿನವನಿಗೆ ದಾಟಿಸ್ತೀವಿ. ಮುಂದಿನವನು ನಮ್ಮ ತಾಲ್ಲೂಕಿನವನೇ. ಕೊಳ್ಳುವಾಗ ನಮಗೂ ಯಾರೋ ಹಾಗೇ ದಾಟಿಸಿದ್ರು. ದೋಷ ಕೈಯಿಂದ ಕೈಗೆ ಹೋಗ್ತಾ ಇರುತ್ತೆ, ಹುಟ್ಟಿದ ಜಾಗಕ್ಕೆ ಮಾತ್ರ ವಾಪಸ್ ಹೋಗಲ್ಲ.

ಇಷ್ಟು ಹೇಳಿದ ತಕ್ಷಣ ಒಂದು ಮಾತು ಬರುತ್ತೆ. "ಬಡವರ ಗಾಡಿ ಸ್ವಾಮಿ. ಕಡಿಮೆ ರೇಟಿಗೆ ಏಳು ಜನ ಹೋಗ್ತಾರೆ. ಸೇಫ್ಟಿ ಗೀಫ್ಟಿ ಅಂದ್ರೆ ರೇಟು ಏರುತ್ತೆ, ಆಗ ತಗೊಳ್ಳೋರು ಯಾರು?"

ಈ ಮಾತನ್ನ ಲಘುವಾಗಿ ತಗೊಳ್ಳಲ್ಲ. ಸಂಜೆ ಏಳರ ಮೇಲೆ ಬಸ್ಸು ಸಿಗದ ಊರುಗಳಲ್ಲಿ ಹೆರಿಗೆ ನೋವು ಬಂದವರನ್ನ ಮಿಮ್ಸ್ ಆಸ್ಪತ್ರೆಗೆ ಮುಟ್ಟಿಸಿರೋದು ಇದೇ ವ್ಯಾನು. ಆದರೆ ರೇಟಿನ ಮಾತು ನಿಜವೋ ಅಂತ ಇತಿಹಾಸ ನೋಡಿ. ಈಕೋ ಮಾರುಕಟ್ಟೆಗೆ ಬಂದಿದ್ದು 2010ರ ಜನವರಿಯಲ್ಲಿ. 2016ರ ಮೇ ತಿಂಗಳಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅನ್ನೋ ಸಂಸ್ಥೆ ಅದನ್ನ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ನೋಡಿತು. ದೊಡ್ಡವರ ರಕ್ಷಣೆಯಲ್ಲಿ ಸಿಕ್ಕಿದ್ದು ಸೊನ್ನೆ ಸ್ಟಾರ್. ಅದೇ ಸರದಿಯಲ್ಲಿ ಕ್ವಿಡ್, ಸೆಲೆರಿಯೋ, ಇಯಾನ್, ಸ್ಕಾರ್ಪಿಯೋಗಳಿಗೂ ಸೊನ್ನೆಯೇ, ಅಂದ್ರೆ ಒಂದೇ ಕಂಪನಿಯ ಕಥೆ ಅಲ್ಲ. ಆ ಫಲಿತಾಂಶ ಬಂದ ಮಾರನೇ ದಿನ ಏನೂ ಬದಲಾಗಲಿಲ್ಲ. ಬದಲಾಗಿದ್ದು ಸರ್ಕಾರ ಕಡ್ಡಾಯ ಮಾಡಿದಾಗ. 2019ರಲ್ಲಿ ಎಬಿಎಸ್ ಬ್ರೇಕು, ಚಾಲಕನ ಏರ್‌ಬ್ಯಾಗು ಕಡ್ಡಾಯವಾಯ್ತು. ಅದೇ ವರ್ಷ ಗುದ್ದಿಸಿ ನೋಡೋ ಪರೀಕ್ಷೆಯೂ ಎಲ್ಲ ಕಾರಿಗೂ ಕಡ್ಡಾಯವಾಯ್ತು, ಆ ನಿಯಮಗಳಿಗೆ ಹೊಂದಿಸಲಾಗದ ಓಮ್ನಿಯನ್ನ ನಿಲ್ಲಿಸಿದರು. ಈಕೋ ಮಾತ್ರ ಹೊಂದಿಕೊಂಡಿತು. 2023ರ ಹೊತ್ತಿಗೆ ಒಟ್ಟು ಮಾರಾಟ 10 ಲಕ್ಷ ದಾಟಿತು. 2025ರಲ್ಲಿ ಆರು ಏರ್‌ಬ್ಯಾಗ್ ಬಂತು, ಏಳು ಸೀಟು ಆರಾಯ್ತು. ಈಗಲೂ ಮಾರಾಟ ಆಗ್ತಾನೇ ಇದೆ.

ಹಾಗಾದ್ರೆ 2010ರಿಂದ 2019ರವರೆಗೆ ಮಾಡೋಕೆ ಆಗದ್ದು ಏನಿತ್ತು? ಕೇಳೋರು ಇರಲಿಲ್ಲ, ಅಷ್ಟೇ. ಆ ಒಂಬತ್ತು ವರ್ಷದ ಗಾಡಿಗಳು ಈಗ ಎಲ್ಲಿವೆ ಅಂತ ಹುಡುಕೋಕೆ ದೂರ ಹೋಗಬೇಕಾಗಿಲ್ಲ. ಹೊಳಲು ಸರ್ಕಲ್‌ನಲ್ಲಿ ಅರ್ಧ ಗಂಟೆ ನಿಂತ್ಕೊಳ್ಳಿ.

ಎರಡನೇ ಮಾತು ಪೊಲೀಸರದ್ದು, ಪೇಪರಿನವರದ್ದು. "ಚಾಲಕನ ಅಜಾಗರೂಕತೆ." ಎಫ್‌ಐಆರ್‌ನಲ್ಲಿ ಈ ಎರಡು ಪದ ಬಂದ್ರೆ ಗಾಡಿಯನ್ನ ಯಾರೂ ಕೇಳಲ್ಲ. ವೇಗ, ನಿದ್ದೆ, ಕುಡಿತ, ಮಿತಿಮೀರಿ ಜನ ತುಂಬೋದು, ಎಲ್ಲವೂ ನಿಜ. ಆದರೆ ಅಪಘಾತ ಯಾಕೆ ಆಯ್ತು ಅನ್ನೋದು ಒಂದು ಪ್ರಶ್ನೆ, ಒಳಗಿದ್ದವರು ಯಾಕೆ ಸತ್ತರು ಅನ್ನೋದು ಇನ್ನೊಂದು. ಓಮ್ನಿಯಲ್ಲಿ ಎಂಜಿನ್ ಇರೋದು ಮುಂದಿನ ಸೀಟಿನ ಕೆಳಗೆ. ಬೇರೆ ಕಾರಿನಲ್ಲಿ ಗುದ್ದಿದ ಪೆಟ್ಟನ್ನ ತಿನ್ನೋಕೆ ಮುಂದೆ ಬಾನೆಟ್ ಇದೆ. ಇದರಲ್ಲಿ ತಗಡಿನ ಮುಖ ಆದ ಮೇಲೆ ನೇರವಾಗಿ ಓಡಿಸೋನ ಮೊಣಕಾಲು. ಚಾಲಕ ಎಷ್ಟೇ ಜಾಗರೂಕನಾಗಿರಲಿ, ಎದುರಿಗೆ ಬರೋ ಕಬ್ಬಿನ ಲಾರಿಯವನು ಜಾಗರೂಕನಾಗಿ ಇಲ್ಲದೆ ಹೋದ್ರೆ?

ನಮ್ಮ ಜಿಲ್ಲೆಗೆ ನಾಲೆಯ ಭಯ ಬೇರೆ ಇದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಹೋದರು, ಅದರಲ್ಲಿ ಶಾಲೆ ಮಕ್ಕಳೂ ಇದ್ದರು. 2023ರ ನವೆಂಬರಿನಲ್ಲಿ ಅದೇ ತಾಲ್ಲೂಕಿನ ಬನಘಟ್ಟದ ಹತ್ತಿರ ಕಾರು ನಾಲೆಗೆ ಬಿದ್ದು ಐದು ಜನ. ಪ್ರತಿ ಸಲವೂ ತಡೆಗೋಡೆ ಎಲ್ಲಿ ಅಂತ ಕೂಗು ಏಳುತ್ತೆ, ಏಳಲೇಬೇಕು. ಅದರ ಜೊತೆಗೆ ಒಂದು ಮಾತು ಯೋಚಿಸಿ. ಒಳಗಿಂದ ತೆಗೆಯೋಕೆ ಬರದ ಜಾರುಬಾಗಿಲಿನ ವ್ಯಾನು ನೀರಿಗೆ ಬಿದ್ರೆ ಹೊರಗಿಂದ ಬಂದು ಎಳೆಯೋರು ಯಾರು? ನಾವು ನಗ್ತಾ ಹೇಳೋ ಕಾಯಿಲೆಗಳಲ್ಲಿ ಅದೂ ಒಂದು. ರೋಲರ್, ಹಿಡಿಕೆ ಬದಲಾಯಿಸೋಕೆ ದೊಡ್ಡ ಖರ್ಚಿಲ್ಲ. ಇವತ್ತೇ ಮಾಡಿಸಿ, ಉಳಿದ ಜಗಳ ನಾಳೆ ಆಡೋಣ.

ಹೊಸ ಹೆದ್ದಾರಿ ಇನ್ನೊಂದು ಕಷ್ಟ ತಂದಿಟ್ಟಿದೆ. 2023ರ ಮಾರ್ಚ್‌ನಲ್ಲಿ ಮದ್ದೂರಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥದಲ್ಲಿ ನೂರರ ವೇಗಕ್ಕೆ ಅನುಮತಿ ಇದೆ. ಅದೇ ವರ್ಷ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಅಪಾಯ ಅಂತ ಮುಖ್ಯರಸ್ತೆಗೆ ಪ್ರವೇಶ ಇಲ್ಲ. ಎಂಬತ್ತಕ್ಕೆ ನಡುಗೋ ಹಳೇ ವ್ಯಾನು ಮಾತ್ರ ಕಾರಿನ ಲೆಕ್ಕದಲ್ಲಿ ಸರಾಗವಾಗಿ ಒಳಗೆ ಹೋಗುತ್ತೆ. ಅದನ್ನೂ ನಿಷೇಧಿಸಿ ಅಂತ ನಾವು ಹೇಳ್ತಿಲ್ಲ, ಹಾಗೆ ಮಾಡಿದ್ರೆ ಮತ್ತೆ ಏಟು ಬೀಳೋದು ನಮಗೇ.

ಗ್ಯಾಸಿನ ವಿಷಯ ಬಿಟ್ಟರೆ ಈ ಲೇಖನ ಅರ್ಧ ಸತ್ಯ ಆಗುತ್ತೆ. ಪೆಟ್ರೋಲ್ ಉಳಿಸೋಕೆ ಅಡುಗೆ ಸಿಲಿಂಡರ್ ಇಟ್ಟು ಓಮ್ನಿ ಓಡಿಸೋರು ಇದ್ದಾರೆ. 2001ರ ಕೇಂದ್ರ ಆದೇಶದ ಪ್ರಕಾರ ಅದು ಅಪರಾಧ. ಎಂಜಿನ್ ಮೇಲೆ ಅಪ್ಪ, ಸಿಲಿಂಡರ್ ಪಕ್ಕ ಮಕ್ಕಳು. ಇದಕ್ಕೆ ಯಾವ ಕಂಪನಿಯನ್ನೂ ಬೈಯೋಕಾಗಲ್ಲ. ಆದರೆ ಇದನ್ನೇ ತೋರಿಸಿ "ಹಳ್ಳಿಯವರಿಗೆ ಸೇಫ್ಟಿ ಬೇಕಾಗಿಲ್ಲ" ಅನ್ನೋರಿಗೆ ಒಂದು ಮಾತು: ಸಿಲಿಂಡರ್ ಇಟ್ಟವನ ತಪ್ಪಿಗೂ ಟೈ ರಾಡ್ ದೋಷಕ್ಕೂ ಸಂಬಂಧ ಇಲ್ಲ. ಒಂದನ್ನ ತೋರಿಸಿ ಇನ್ನೊಂದರಿಂದ ಜಾರಿಕೊಳ್ಳಬೇಡಿ.

ಇನ್ನು ಕಾಗದ ಪತ್ರ. ಗಾಡಿ ಕೊಂಡು ಆರ್‌ಸಿಯನ್ನ ಹಳೇ ಮಾಲೀಕರ ಹೆಸರಲ್ಲೇ ಬಿಡೋದು ನಮ್ಮಲ್ಲಿ ಮಾಮೂಲಿ. ಕಾಯ್ದೆ ಪ್ರಕಾರ ಮಾರಿದವರು 14 ದಿನ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕ, ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೆಸರು ಬದಲಾಗದೆ ಇದ್ರೆ ರೀಕಾಲ್ ಸುದ್ದಿಯೂ ನಿಮಗೆ ಬರಲ್ಲ. ವಿಮೆ ಕೂಡ ನೋಡ್ಕೊಳ್ಳಿ: ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ರೆ ಖಾಸಗಿ ಗಾಡಿಯ ಒಳಗೆ ಕೂತವರಿಗೆ ಅದು ಸಾಮಾನ್ಯವಾಗಿ ಸಿಗಲ್ಲ. ಬಿಳಿ ಬೋರ್ಡಿನಲ್ಲಿ ಬಾಡಿಗೆ ಹೊಡೆದ್ರೆ ಕಂಪನಿಗೆ ಕೈತೊಳೆದುಕೊಳ್ಳೋಕೆ ಇನ್ನೊಂದು ನೆಪ.

ದೂರು ಕೊಟ್ರೆ ಏನಾದ್ರೂ ಆಗುತ್ತಾ ಅನ್ನೋರಿಗೆ ಒಂದು ಕೇಸು ಹೇಳ್ತೀವಿ. 2017ರಲ್ಲಿ ದೆಹಲಿ-ಪಾಣಿಪತ್ ಹೆದ್ದಾರಿಯಲ್ಲಿ ಕ್ರೆಟಾ ಕಾರು ಅಪಘಾತವಾಯ್ತು, ಏರ್‌ಬ್ಯಾಗ್ ತೆರೆಯಲಿಲ್ಲ. ಮಾಲೀಕರು ಗ್ರಾಹಕರ ಆಯೋಗಕ್ಕೆ ಹೋದರು. ಅಷ್ಟು ಜೋರಾಗಿ ಗುದ್ದಿರಲಿಲ್ಲ ಅಂತ ಹುಂಡೈ ಕಂಪನಿ ವಾದಿಸಿತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮಾಲೀಕರ ಪರ ನಿಂತಿತು. ವೇಗ, ಬಲದ ಲೆಕ್ಕ ಹಾಕೋಕೆ ಗ್ರಾಹಕ ಭೌತಶಾಸ್ತ್ರ ಓದಿರಬೇಕಾಗಿಲ್ಲ ಅನ್ನೋ ಅರ್ಥದ ಮಾತು ಹೇಳಿ, ಮೂರು ಲಕ್ಷ ರೂಪಾಯಿ ಪರಿಹಾರ ಮತ್ತು ಗಾಡಿ ಬದಲಿ ಕೊಡಿ ಅನ್ನೋ ಆದೇಶವನ್ನ ಎತ್ತಿಹಿಡಿಯಿತು. ಹೊಸ ಗಾಡಿ ಕೊಂಡವರು ನೆನಪಿಡಿ, ದೋಷ ಗೊತ್ತಾದ ಎರಡು ವರ್ಷದೊಳಗೆ ಮಂಡ್ಯದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ರೆ ಶುಲ್ಕ ಇಲ್ಲ. ಮೊದಲು ಕೇಳಿ ತಿಳಿಯೋಕೆ 1915 ನಂಬರಿಗೆ ಫೋನ್ ಮಾಡಿ.

ಹಳೇ ಗಾಡಿಯವರು ಆರ್‌ಸಿ ತೆಗೆದು ಚಾಸಿ ನಂಬರ್ ನೋಡಿ. ಕಂಪನಿಯ ವೆಬ್‌ಸೈಟಿನಲ್ಲಿ ಅದನ್ನ ಹಾಕಿದ್ರೆ ನಿಮ್ಮ ಗಾಡಿ ಯಾವುದಾದ್ರೂ ರೀಕಾಲ್‌ನಲ್ಲಿ ಇದೆಯಾ ಅಂತ ಗೊತ್ತಾಗುತ್ತೆ. ಮಕ್ಕಳ ಕೈಲಿ ಫೋನ್ ಇದ್ದೇ ಇರುತ್ತೆ, ಅವರಿಗೆ ಹೇಳಿ ಮಾಡಿಸಿ. ಇದ್ರೆ ಎಷ್ಟನೇ ಕೈ ಗಾಡಿಯಾದ್ರೂ ಸರ್ವಿಸ್ ಸೆಂಟರಿಗೆ ಹೋಗಿ ಪುಕ್ಕಟೆ ಮಾಡಿಕೊಡಿ ಅಂತ ಕೇಳಿ. ಆಗಲ್ಲ ಅಂದ್ರೆ ಆ ಮಾತನ್ನ ಬರೆದು ಕೊಡಿ ಅಂತ ಪಟ್ಟು ಹಿಡಿದು ಕೂತ್ಕೊಳ್ಳಿ.

ಸರ್ಕಾರದ ಮುಂದೆ ನಮ್ಮ ಬೇಡಿಕೆ ಮೂರು. ಸ್ಟೇರಿಂಗ್, ಬ್ರೇಕ್, ಬೆಲ್ಟು, ಏರ್‌ಬ್ಯಾಗ್‌ಗಳ ದೋಷಕ್ಕೆ ಏಳು ವರ್ಷದ ಮಿತಿ ತೆಗೆದು, ರಿಜಿಸ್ಟ್ರೇಷನ್ ಇರೋ 15 ವರ್ಷವೂ ಕಂಪನಿ ಹೊಣೆ ಅಂತ ಮಾಡಲಿ. ಗ್ರಾಮ ಒನ್ ಕೇಂದ್ರದಲ್ಲಿ ಕನ್ನಡದಲ್ಲಿ ಹೇಳಿದ ದೂರನ್ನ ಬರೆಸಿಕೊಂಡು ದೆಹಲಿಯ ಲೆಕ್ಕಕ್ಕೆ ಸೇರಿಸಲಿ. ಆರ್‌ಸಿ ಹೆಸರು ಬದಲಾಯಿಸೋಕೆ ಬಂದಾಗ, ಎಫ್‌ಸಿಗೆ ಬಂದಾಗ, ಆರ್‌ಟಿಒ ಕಚೇರಿಯಲ್ಲೇ ಚಾಸಿ ನಂಬರ್ ಪರೀಕ್ಷಿಸಿ ಬಾಕಿ ರೀಕಾಲ್ ಇದ್ರೆ ಕೊಂಡವರಿಗೆ ಬರಹದಲ್ಲಿ ಕೊಡಲಿ. ಕೊನೆಯದ್ದಕ್ಕೆ ಕಾಯ್ದೆ ತಿದ್ದುಪಡಿಯೂ ಬೇಕಾಗಿಲ್ಲ, ಸಾರಿಗೆ ಆಯುಕ್ತರ ಒಂದು ಸುತ್ತೋಲೆ ಸಾಕು. ಅದನ್ನ ಹೊರಡಿಸೋಕೆ ಏನು ಅಡ್ಡಿ ಅಂತ ಮಂಡ್ಯ ಜಿಲ್ಲೆಯ ಶಾಸಕರಲ್ಲಿ ಒಬ್ಬರಾದರೂ ವಿಧಾನಸಭೆಯಲ್ಲಿ ಕೇಳಲಿ. ಚುನಾವಣೆಯಲ್ಲಿ ಅವರ ಪ್ರಚಾರಕ್ಕೆ ಜನ ತುಂಬಿಕೊಂಡು ಊರೂರು ಸುತ್ತಿದ್ದೂ ಇವೇ ವ್ಯಾನುಗಳು.